ಜಲಪಾತದ ಹಿಂದೆ ಒಗೀತಿದ್ದವಳು

ಇದು ಊರಿನವರು ಹಬ್ಬಿಸಿದ ಸುದ್ದಿ ಅಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಅವನು ವಾಪಸ್ ಬಂದಾಗ ಬೀದಿ ಬಾವಿ ಹತ್ರ ನಾನೇ ಇದ್ದೆ.

ಕತ್ತಲಾಗಿ ತುಂಬಾ ಹೊತ್ತಾಗಿತ್ತು. ಎರಡನೇ ಕೊಡ ಎಳೀತಿದ್ದೆ. ರಾಟೆ ಕಿರ್ರ್... ಕಿರ್ರ್ ಅಂತಿತ್ತು. ಅಣ್ಣ ಬಾವಿ ಪಕ್ಕದಲ್ಲೇ ಹಾದುಹೋದ. "ಯಾಕಣ್ಣ ಇಷ್ಟು ಹೊತ್ತು?" ಅಂದೆ. ತಿರುಗಲಿಲ್ಲ. ಗಾಬರಿಗೆ ಹಗ್ಗ ಕೈಜಾರಿ, ಕೊಡ ಬಾವಿಯೊಳಗೆ ಧಡಾರ್ ಅಂತ ಬಿತ್ತು. ಆಗಲೂ ತಿರುಗಲಿಲ್ಲ.

ಅಣ್ಣ ಪಂಪ್ ಮೆಕ್ಯಾನಿಕ್. ಸ್ಕ್ರೂಡ್ರೈವರಿನ ತುದಿ ಮೋಟಾರಿಗಿಟ್ಟು, ಹಿಡಿಗೆ ಕಿವಿ ಕೊಟ್ಟು, "ಹಿಂದಿನ ಬೇರಿಂಗ್ ಹೋಗಿದೆ" ಅನ್ನೋನು. ಬಿಚ್ಚಿ ನೋಡಿದ್ರೆ ಅದೇ ಆಗಿರೋದು. ಎಲ್ರೂ ಅವನನ್ನ ಕಿವಿ ಡಾಕ್ಟ್ರು ಅಂತಲೇ ಕರೀತಿದ್ರು. ಅಂಥವನಿಗೆ ಕೊಡ ಬಿದ್ದಿದ್ದು ಕೇಳಿಸಲಿಲ್ಲ ಅಂದ್ರೆ...

ಹಿಂದೇನೇ ಓಡಿದೆ. ಮನೇಲಿ ಅತ್ತಿಗೆ ಅವನ ಭುಜ ಹಿಡಿದು ಅಲ್ಲಾಡಿಸ್ತಿದ್ರು. ಅವನು ಕಿರುಚಿಕೊಂಡು ಮಾತಾಡ್ತಿದ್ದ. ತನ್ನ ದನಿ ಎಷ್ಟು ಜೋರಿದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಅವನು ಹೇಳಿದ್ದು ಹೀಗೆ. ಆ ವರ್ಷ ಜಲಾಶಯದ ನೀರು ಎಂದೂ ಇಲ್ಲದಷ್ಟು ಇಳಿದಿತ್ತು. ಪಂಪಿನ ಪೈಪಿಗೆ ನೀರೇ ಎಟುಕ್ತಿರಲಿಲ್ಲ. ಪೈಪು ಕೆಳಗಿಳಿಸೋಕೆ ಇವನು ಹೋಗಿದ್ದ. ಕೆಲಸ ಮುಗಿದಾಗ ಸಂಜೆ. ದೂರದಲ್ಲಿ ಭೋರ್ ಅಂತ ಸದ್ದು. ಅಣೆಕಟ್ಟಿನ ನೀರಲ್ಲಿ ಮುಳುಗಿದ್ದ ಜಲಪಾತ ಮೂವತ್ತೈದು ವರ್ಷದ ಮೇಲೆ ಹೊರಗೆ ಬಂದಿತ್ತು. ಒಂದ್ಸಲ ನೋಡಿ ಬರೋಣ ಅಂತ ಹೊರಟ.

ಬಿರುಕು ಬಿಟ್ಟ ಕೆಸರು ಕಾಲಡಿ ಚರಕ್... ಚರಕ್. ಹಳೇ ಊರಿನ ಗೋಡೆಗಳು ಮೊಣಕಾಲೆತ್ತರ ಉಳಿದಿದ್ವು. ಬಾಗಿಲಿಲ್ಲದ ಹೊಸ್ತಿಲುಗಳು. ಜಲಪಾತದ ಪಕ್ಕ ಬಂಡೆಯಲ್ಲಿ ಕೊರೆದ ಮೆಟ್ಟಿಲು. ಇಳಿದ. ಬೀಳೋ ನೀರಿನ ಹಿಂದೆ ಗುಹೆ ಥರ ಒಂದು ಜಾಗ. ಒಳಗೆ ಕಾಲಿಟ್ಟ... ಭೋರ್ಗರೆತ ಟಪ್ ಅಂತ ನಿಂತುಹೋಯ್ತು. ನೀರು ಬೀಳ್ತಾನೇ ಇತ್ತು. ಸದ್ದು ಮಾತ್ರ ಇಲ್ಲ.

ಒಳಗೆ ಒಬ್ಬ ಹೆಂಗಸು ಬಟ್ಟೆ ಒಗೀತಿದ್ಳು. ಎತ್ತಿ ಕಲ್ಲಿಗೆ ಬಡೀತಾಳೆ... ಸದ್ದಿಲ್ಲ. ಮತ್ತೆ ಬಡೀತಾಳೆ... ಸದ್ದಿಲ್ಲ. ಇವನನ್ನ ಕಂಡು ಎದ್ದು ಬಂದಳು. ಒದ್ದೆ ಕೈಯಲ್ಲಿ ಗಲ್ಲ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು, ಬಾಯಾಡಿಸಿದಳು. ಒಂದೇ ಮಾತು, ಮತ್ತೆ ಮತ್ತೆ. ಹೇಗೆ ಬಿಡಿಸಿಕೊಂಡು ಬಂದನೋ ಅವನಿಗೇ ನೆನಪಿಲ್ಲ. ಹೊರಗೆ ಬಂದ ಮೇಲೂ ಸದ್ದು ವಾಪಸ್ ಬರಲಿಲ್ಲ.

"ಹೀಗಂದ್ಳು" ಅಂತ ಅಣ್ಣ ತುಟಿ ಆಡಿಸಿ ತೋರಿಸಿದ. ನಮಗೆ ಏನೂ ತಿಳೀಲಿಲ್ಲ. ಮಂಚದ ಮೇಲಿದ್ದ ದೊಡ್ಡಪ್ಪ ಮಾತ್ರ ಮುಖ ಗೋಡೆ ಕಡೆ ತಿರುಗಿಸಿಕೊಂಡ್ರು.

ಅವತ್ತು ನಾನೂ ಅಲ್ಲೇ ಮಲಗಿದೆ. ನನ್ನ ಬಿಟ್ಟು ಎಲ್ಲರಿಗೂ ನಿದ್ದೆ ಹತ್ತಿದ ಮೇಲೆ ದೊಡ್ಡಪ್ಪ ಎದ್ದು ಬಂದು, ಸಣ್ಣ ದೀಪದ ಬೆಳಕಲ್ಲಿ ಅಣ್ಣನ ತಲೆದೆಸೆ ಕೂತ್ರು.

"ಊರಿನ ಬಟ್ಟೆ ಒಗೀತಿದ್ದೋಳು. ಅವಳಿಗೆ ಕಿವಿ ಕೇಳ್ತಿರಲಿಲ್ಲ ಕಣೋ," ಪಿಸುಗುಟ್ಟಿದ್ರು. "ಮಾತೂ ಇಲ್ಲ. ಬಾಯಾಡಿಸೋಳು, ನನಗೆ ಅರ್ಥ ಆಗ್ತಿತ್ತು. ಊರು ಖಾಲಿ ಮಾಡೋ ದಿನ ಸೈರನ್ ಕೂಗಿಸಿದ್ದು ನಾನು. ಕೆಳಗೆ ಜಲಪಾತದ ಹತ್ರ ಹೋಗಿ ಅವಳನ್ನ ಕರ್ಕೊಂಡು ಬರಬೇಕಾಗಿದ್ದೂ ನಾನೇ. ಹೋಗಲಿಲ್ಲ. ಅವಳೇ ಮೆಟ್ಟಿಲು ಹತ್ತಿ ಬಂದ್ಳು. ಅವತ್ತೂ ಇದನ್ನೇ ಕೇಳಿದ್ಳು... ಎಲ್ರೂ ಹೋದ್ರಾ ಅಂತ."

ಜಾರಿದ್ದ ಹೊದಿಕೆ ಎಳೆದು ಅಣ್ಣನ ಭುಜಕ್ಕೆ ಹೊದಿಸಿದ್ರು.

"ಕೊನೇ ಲಾರಿ. ಇನ್ನೊಬ್ಬರಿಗೆ ಜಾಗ ಇತ್ತು. ನಿಮ್ಮಮ್ಮನ ಬೀರು ಇನ್ನೂ ಲಾರಿಗೆ ಏರಿಸಿರಲಿಲ್ಲ, ಅದಕ್ಕೂ ಅದೇ ಜಾಗ ಬೇಕಿತ್ತು... ಇಲ್ಲ, ಯಾರೂ ಹೋಗಿಲ್ಲ, ಅಂತ ತಲೆ ಅಲ್ಲಾಡಿಸಿದೆ. ನಕ್ಕೊಂಡು ವಾಪಸ್ ಹೋದ್ಳು. ಒಗೆಯೋದು ಬಾಕಿ ಇತ್ತಲ್ಲ. ಆ ರಾತ್ರಿಯೇ ಅಣೆಕಟ್ಟಿನ ಗೇಟು ಇಳಿಸಿದ್ರು. ಬೆಳಗಾಗೋದ್ರೊಳಗೆ ಮೆಟ್ಟಿಲು ಮುಳುಗಿತ್ತು."

ಮಗನಿಗೆ ಕೇಳಿಸಲ್ಲ ಅಂತ ಗೊತ್ತಿದ್ದೇ ಹೇಳಿದ್ದು. ಹೇಳಿ ಹಗುರಾಗಿ ಏಳೋಕೆ ಹೋದ್ರು.

ಅಣ್ಣನ ಕಣ್ಣು ತೆರೆದಿತ್ತು. ಅಪ್ಪನ ತುಟಿಯನ್ನೇ ನೋಡ್ತಿದ್ದ. ಕೈ ಚಾಚಿ ಗಲ್ಲ ಹಿಡಿದು, ಮುಖವನ್ನ ದೀಪದ ಕಡೆ ತಿರುಗಿಸಿದ.

"ಇನ್ನೊಂದ್ಸಲ ಹೇಳು," ಅಂದ. ಮನೆಯೆಲ್ಲ ಎದ್ದು ಕೂರೋ ಅಷ್ಟು ಜೋರಾಗಿ.

ಅತ್ತಿಗೆ ಎದ್ದು ಬಂದ್ರು. ಮಕ್ಕಳು ಬಾಗಿಲಲ್ಲಿ ನಿಂತ್ರು. ದೊಡ್ಡಪ್ಪ ಎಲ್ಲರ ಮುಂದೆ ಮತ್ತೆ ಹೇಳಬೇಕಾಯ್ತು. ಅಣ್ಣ ಗಲ್ಲ ಬಿಡಲಿಲ್ಲ. ಮೂರು ಸಲ ಹೇಳಿಸಿದ. ಮೂರನೇ ಸಲಕ್ಕೆ ದೊಡ್ಡಪ್ಪನಿಗೆ ದನಿಯೇ ಇರಲಿಲ್ಲ, ಬರೀ ಬಾಯಿ ಆಡ್ತಿತ್ತು.

ಮುಂದಿನ ವಾರ ಮೇಲುಗಡೆ ಮಳೆ ಹಿಡಿದು ಜಲಪಾತ ಮತ್ತೆ ಮುಳುಗಿತು. ಅಣ್ಣನ ಕಿವಿ ವಾಪಸ್ ಬರಲಿಲ್ಲ. ಪಂಪ್ ರಿಪೇರಿ ಅಂಗಡಿ ಮುಚ್ಚಿದ. ಜನ ಈಗಲೂ ಕಿವಿ ಡಾಕ್ಟ್ರು ಅಂತಲೇ ಕರೀತಾರೆ, ಹೇಗೂ ಅವನಿಗೆ ಕೇಳಿಸಲ್ಲ. ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ.

ದೊಡ್ಡಪ್ಪ ಇದ್ದಾರೆ. ಕಣ್ಣು ಮುಚ್ಚಿದ್ರೆ ಸಾಕು, ತಲೆ ಈ ಕಡೆ... ಆ ಕಡೆ... ಇಲ್ಲ, ಇಲ್ಲ ಅನ್ನೋ ಹಾಗೆ, ಬೆಳಗಿನ ತನಕ. ಬೆಳಿಗ್ಗೆ ದಿಂಬು ತೊಯ್ದಿರುತ್ತೆ. ಬೆವರು ಅಂದ್ರು ಡಾಕ್ಟರು.

ಮೊನ್ನೆ ಆ ದಿಂಬು ಹಿಂಡಿದ್ದು ನಾನು. ಇದೇ ಕೈಯಲ್ಲಿ. ನೀರಿನ ಜೊತೆ ಒಂದು ಬಸವನಹುಳು ಬೋಗುಣಿಗೆ ಟಣ್ ಅಂತ ಬಿತ್ತು. ಉಗುರಿನಷ್ಟು ಚಿಕ್ಕದು, ಜಲಾಶಯದ ಕಲ್ಲಿಗೆ ಅಂಟಿಕೊಂಡಿರೋ ಥರದ್ದು. ಅಡುಗೆಮನೆ ಕಿಟಕೀಲಿ, ಗಾಜಿನ ಲೋಟದಲ್ಲಿ ಇಟ್ಟಿದ್ದೀನಿ. ಈಗ ನೀರು ಕುಡಿಯೋಕೆ ಎದ್ದಾಗ ನೋಡಿದೆ... ಹುಳು ಅರ್ಧ ಲೋಟ ಹತ್ತಿತ್ತು.