ಹಲಗೆಯ ಬಳಿ ಬಂದು ನಿಲ್ಲುತ್ತಿದ್ದ ಹುಡುಗಿ

ಶಹಾಪುರದ ಬಸ್ ನಿಲ್ದಾಣದಲ್ಲಿ ಭೀಮವ್ವನ ಎದುರಿನ ಬೆಂಚಿಗೆ ಇಬ್ಬರು ಶಿಕ್ಷಕಿಯರು ಬಂದು ಕೂತರು. ಒಬ್ಬರ ತಲೆ ನರೆತಿತ್ತು, ಇನ್ನೊಬ್ಬಳು ಎಳೆಯಳು. ಭೀಮವ್ವ ಅವರ ಮುಖದಿಂದ ಕಣ್ಣು ಕೀಳಲಿಲ್ಲ.

“ಎರಡು ದಿನದ ಟ್ರೇನಿಂಗಿನ್ಯಾಗ ಒಂದ ಮಾತು ಮನಸ್ಸಿನ್ಯಾಗ ಕುಂತದ,” ಅಂದರು ಹಿರಿಯರು. “ಕಿವಿ ಕೇಳದ ಮಕ್ಕಳು ತುಟಿ ನೋಡಿ ಕಲೀತಾವ, ಹಲಗಿ ಕಡಿ ಮುಖ ಮಾಡಿ ಮಾತಾಡಬ್ಯಾಡ್ರಿ ಅಂದ್ರಲ್ಲ, ನನಗ ನೀಲಮ್ಮ ನೆನಪಾದ್ಲು.”

“ಯಾರ್ರಿ ಅಕ್ಕೋರ ಆಕಿ?”

“ನಾ ಮಠದ ಸಾಲಿಗಿ ಹೊಸದಾಗಿ ಬಂದಾಗ ಎರಡನೇ ಕ್ಲಾಸಿನ್ಯಾಗ ಇದ್ಲು. ದಿನಾ ನನ್ನ ಜಡಿಗಂತ ಅಬ್ಬಲಿಗಿ ಹೂವು ತರ್ತಿದ್ಲು. ನಾ ಬರಿಯಾಕ ತಿರುಗಿದ್ರ ಸಾಕು, ಎದ್ದು ಬಂದು ಹಲಗಿ ಬಾಜೂಕ ನಿಂತು ನನ್ನ ಮುಖಾನೇ ನೋಡ್ತಿದ್ಲು.”

“ನೀವೇನು ಮಾಡ್ತಿದ್ರಿ?”

“ಸಲಿಗಿ ಭಾಳ ಆತು ಅಂತ ಹಿಂದ ಕೂಡಿಸ್ತಿದ್ದೆ.”

“ಆಗ ನಿಮಗ ಯಾರು ಹೇಳಿಕೊಟ್ಟಿದ್ರರಿ?”

“ಆಕೀನ ಹೇಳಿಕೊಡಾಕ ದಿನಾ ಎದ್ದು ಬರ್ತಿದ್ಲಲ್ಲವಾ.”

ಸುರಪುರದ ಬಸ್ಸು ಬಂತು. ಇಬ್ಬರೂ ಎದ್ದರು.

“ಈಗೆಲ್ಲಿ ಅದಾಳ್ರಿ ನೀಲಮ್ಮ?”

ಹಿರಿಯರು ಬಸ್ಸಿನ ಕಡೆ ತಿರುಗಿ ನಡೆಯುತ್ತಲೇ ಉತ್ತರ ಕೊಟ್ಟರು. ಚಿಕ್ಕಂದಿನಿಂದ ಕಿವಿ ಕೇಳದ ಭೀಮವ್ವನಿಗೆ ಆ ಉತ್ತರ ಕಾಣಲೇ ಇಲ್ಲ.