ಹಗುರಾದ ಲೈಬ್ರರಿ

ಕಳ್ಳಕವಟಗಿಗೆ ಹೋಗುವ ಬಸ್ಸು ವಿಜಯಪುರ ದಾಟುವಷ್ಟರಲ್ಲೇ ಸುರೈಯಾಳ ಮುಂದಿನ ಸೀಟಿನಲ್ಲಿ ಅಣ್ಣ ತಂಗಿಯ ಜಗಳ ಹತ್ತಿಕೊಂಡಿತ್ತು. ಹಳೆಯ ಫೋನುಗಳಿಗೆ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಇಬ್ಬರೂ ಗೆಳೆಯರೊಡನೆ ಕಟ್ಟುತ್ತಿದ್ದಾರೆಂದು ಅವಳಿಗೆ ಮಾತಿನಿಂದಲೇ ತಿಳಿಯಿತು. ಉಳಿದೆಲ್ಲ ಪ್ರೋಗ್ರಾಮುಗಳಿಗೆ ಆಧಾರವಾಗುವಂತೆ ಅದರ ಬುಡಕ್ಕೆ ಯಾವ ಸಿ ಲೈಬ್ರರಿ ಹಾಕಬೇಕು, ಸಣ್ಣದೋ ದೊಡ್ಡದೋ ಎಂಬುದೇ ತಕರಾರು.

“ಸಣ್ಣದ ಇರಲಿ, ಆರತಿ. ಹಗುರ ಐತಿ. ಎಂಥಾ ಹಳೇ ಫೋನೂ ಕುದುರಿ ಹಂಗ ಓಡ್ತೈತಿ.”

“ಓಡ್ತೈತಿ ಖರೆ. ಆದ್ರ ಕ್ಯಾಮೆರಾ ನಡಸೂ ಡ್ರೈವರ್ ಪ್ರೋಗ್ರಾಮು ದೊಡ್ಡ ಲೈಬ್ರರಿ ಮ್ಯಾಲಷ್ಟ ನಡೀತೈತಿ, ಮಾಳಣ್ಣಾ. ಕ್ಯಾಮೆರಾನ ಹೋಗ್ತೈತಿ.”

“ಹೋಗ್ಲಿ ಬಿಡು. ಉಳಿದವ್ರೆಲ್ಲಾ ಹೂಂ ಅಂದಾರ. ಫೋನು ಇರೂದು ಮಾತಾಡಾಕ.”

“ನಮ್ಮವ್ವ ಮಾತಾಡೂದು ಕೈಸನ್ನಿಲೆ. ಆಕಿ ಕೈ ಯಾರಿಗೆ ಕಾಣಬೇಕು?”

ಮಾಳು ಕಿಟಕಿಯತ್ತ ತಿರುಗಿದ. ಆರತಿ ಬಿಡಲಿಲ್ಲ.

“ನಿನ್ನಿ ಆಕಿ ಫೋನಿಗೆ ಯಾಕ ಹಾಕಿದಿ ಆ ಸಣ್ಣ ಲೈಬ್ರರಿನ?”

“ಪರೀಕ್ಷಾ ಮಾಡಾಕ.”

“ಮುಂಜಾನಿಂದ ವಿಡಿಯೋ ಕಾಲ್ ಮಾಡಾಕತ್ತಾಳ. ಎತ್ತಿದ್ರ ಬರೇ ಕರೀ ಪರದೆ. ಆಕಿ ಉಸಿರಷ್ಟ ಕೇಳಸ್ತೈತಿ. ಏನಾಗೇತಿ ಅಂತ ಹೇಳೂದಾದ್ರೂ ಹ್ಯಾಂಗ ಆಕಿ?”

“ಎಲ್ಲಾರ ಸಲುವಾಗಿ ಮಾಡೂ ಕೆಲಸ ಇದು. ಒಬ್ಬಾಕಿ ಸಲುವಾಗಿ ಅಲ್ಲ.”

“ಹಂಗಾದ್ರ ಆಕಿ ಮುಂದನ ಹೇಳು.”

ತಿಕೋಟಾ ಬಂತು. ಇಬ್ಬರೂ ಇಳಿದರು. ನಿಲ್ದಾಣದಲ್ಲಿ ಕಾದು ನಿಂತಿದ್ದ ಹೆಂಗಸು ಫೋನನ್ನು ಮಗನತ್ತ ಚಾಚಿ, ಆಮೇಲೆ ಅದನ್ನು ಬಗಲಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಅವಸರವಸರವಾಗಿ ಏನೋ ಕೇಳತೊಡಗಿದಳು.

“ಈಗ ಹೇಳು, ಹೋಗ್ಲಿ ಬಿಡು ಅಂತ,” ಎಂದಳು ಆರತಿ.

ಬಸ್ಸು ಮುಂದೆ ಹೊರಟಿತು. ಸುರೈಯಾ ಹೊರಳಿ ನೋಡಿದಾಗಲೂ ಮಾಳುವಿನ ಕೈಗಳು ಜೇಬಿನಲ್ಲೇ ಇದ್ದವು.