ಎಡ ತೊಡೆ

"ರೂಟ್ ಥರ್ಟಿ ಒನ್‌ಗೆ ಹೇಗೆ ಹೋಗಬೇಕು?"

ಮೆಹನಾಜ್ ಕಾರಿನ ಕಿಟಕಿ ಇಳಿಸಿ ಕೇಳಿದಳು. ಅರ್ಧ ಗಂಟೆಯಿಂದ ಅದೇ ಮೂರು ರಸ್ತೆಗಳಲ್ಲಿ ಸುತ್ತುತ್ತಿದ್ದಳು. ರಸ್ತೆಗಳಿಗೆ ಚೆಂದದ ಹೆಸರಿನ ಬೋರ್ಡುಗಳಿದ್ದವು, ದೀಪದ ಕಂಬಗಳಿದ್ದವು, ಮನೆಗಳು ಮಾತ್ರ ಇರಲಿಲ್ಲ. ಬರೀ ಮರದ ಅಸ್ಥಿಪಂಜರಗಳು. ಅವಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಗಾಳಿಗೆ ಫಟ್... ಫಟ್... ಅನ್ನುತ್ತಿತ್ತು. ಕಟ್ಟುತ್ತಿದ್ದ ಕಂಪನಿ ಮುಳುಗಿದ ದಿನ ಕೆಲಸದವರು ಸುತ್ತಿಗೆ ಬಿಟ್ಟು ಎದ್ದುಹೋದ ಬಡಾವಣೆ ಅದು.

ನಡುವೆ ಒಂದು ಹಳೆಯ ಬಾವಿ. ಕಟ್ಟೆಯ ಮೇಲೆ ಕೂತ ಬಿಳಿ ಮುದುಕನೊಬ್ಬ ನೀರು ಸೇದುತ್ತಿದ್ದ. ಕಿರ್ರ್... ಕಿರ್ರ್... ಪ್ರತಿ ಎಳೆತದ ಕೊನೆಗೆ ರಾಟೆ ಒಂದು ಸಲ ಟಕ್ ಅನ್ನುತ್ತಿತ್ತು.

ಇದು 2008ರ ಡಿಸೆಂಬರ್ ಏಳು, ಭಾನುವಾರದ ಮುಸ್ಸಂಜೆ. ಮೆಹನಾಜ್ ಅಂದರೆ ಮ್ಯಾನ್‌ಹಟನ್ ಹತ್ತಿರದ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಯವಳು, ಮೈಸೂರಿನ ಮಂಡಿಮೊಹಲ್ಲಾದ ಹೆಣ್ಣು. ಸುಳ್ಳು ಹೇಳುವುದಿದ್ದರೆ ತನ್ನ ಮಾನ ಹೋಗದಂಥ ಸುಳ್ಳು ಹೇಳುತ್ತಿದ್ದಳು, ಇದನ್ನಲ್ಲ.

"ಬೇಟೆಗೆ ಜಾಗ ನೋಡೋಕೆ ಬಂದೆಯಾ?" ಪಕ್ಕದ ಸೀಟಿನಲ್ಲಿದ್ದ ಬೇಟೆಗಾರರ ಕಿತ್ತಳೆ ಜಾಕೆಟ್ ನೋಡಿ ಮುದುಕ ಪಿಸುಗುಟ್ಟಿದ.

ಹೌದು. ಅವಳ ಗಂಡ ತಾಜುದ್ದೀನ್ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಊರವರ ಮನೆಸಾಲಗಳನ್ನೆಲ್ಲ ಗಂಟು ಕಟ್ಟಿ ಮಾರುತ್ತಿದ್ದವನು, ಸೆಪ್ಟೆಂಬರಿನಲ್ಲಿ ಕೆಲಸ ಹೋದಾಗಿನಿಂದ ಸೋಫಾ ಬಿಟ್ಟು ಎದ್ದಿರಲಿಲ್ಲ. ಬೋನಸ್ ಬಂದ ವರ್ಷ ಗಂಡಹೆಂಡಿರಿಬ್ಬರೂ ಶೋಕಿಗೆಂದು ಬೇಟೆಯ ಲೈಸೆನ್ಸ್ ಮಾಡಿಸಿದ್ದರು, ಬಂದೂಕು ಕೊಂಡಿದ್ದರು. ಈಗ ಆ ಶೋಕಿಯೇ ಅನ್ನ. ನಾಳೆ ಬಕ್ರೀದ್. ಬಂದೂಕಿನ ಬೇಟೆಗೂ ನಾಳೆಯೇ ಮೊದಲ ದಿನ. ಒಂದು ಜಿಂಕೆ ಬಿದ್ದರೆ ಚಳಿಗಾಲ ಕಳೆಯುತ್ತದೆ. ಮಸೀದಿಯ ರೇಷನ್ ಸಾಲಿನಲ್ಲಿ ಪರಿಚಯದವರ ಕಣ್ಣೆದುರು ನಿಲ್ಲುವುದು ತಪ್ಪುತ್ತದೆ.

"ಕಾಡಲ್ಲಿ ಒಂದು ಜಾಗ ಗುರುತು ಮಾಡ್ಕೊಂಡೆ," ಅಂದಳು. "ಓಕ್ ಕಾಯಿ ಉದುರಿದೆ. ಮರಕ್ಕೆ ಕೊಂಬು ಉಜ್ಜಿದ ಗುರುತೂ ಇದೆ."

"ನಾಳೆ ಅಲ್ಲಿ ಜಿಂಕೆಗಿಂತ ಬೇಟೆಗಾರರೇ ಜಾಸ್ತಿ. ಮೊದಲ ಗುಂಡಿಗೇ ಓಡ್ತವೆ. ಎಲ್ಲಿಗೆ ಓಡ್ತವೆ, ಹೇಳು?"

ಅವಳು ಸುತ್ತ ಕಣ್ಣಾಡಿಸಿದಳು.

"ಮನುಷ್ಯರು ಬಿಟ್ಟು ಓಡಿದ ಕಡೆಗೆ." ಬಾವಿಯಾಚೆಯ ಅಸ್ಥಿಪಂಜರ ತೋರಿಸಿದ. "ಆ ಅಡಿಗೆಮನೆ ಕಿಟಕಿಯಲ್ಲಿ ಕೂತ್ಕೋ. ಗಾಳಿ ವಾಯವ್ಯದ್ದು, ನಿನ್ನ ವಾಸನೆ ಬೆನ್ನ ಹಿಂದೆ ಹೋಗುತ್ತೆ. ಅವು ಎದುರಿಂದ ಬರ್ತವೆ. ಮನೆ ಮಾರೋಕೆ ಅಂತ ಹುಲ್ಲು ಬೆಳೆಸಿದ್ರಲ್ಲ... ಅದಕ್ಕೆ."

"ಮನೆ ಹತ್ರ ಗುಂಡು ಹಾರಿಸಬಾರದಲ್ಲ?"

"ಯಜಮಾನ ಒಪ್ಪಿದ್ರೆ ಹಾರಿಸಬಹುದು. ಒಪ್ಪಿದ್ದೀನಿ."

"ಈ ಮನೆ ನಿಮ್ದಾ?"

"ಕಾಗದ ಯಾವ ಬ್ಯಾಂಕಲ್ಲಿದೆಯೋ ಬ್ಯಾಂಕಿಗೇ ಗೊತ್ತಿಲ್ಲ. ನೆಲ ನಂದು." ಕಿರ್ರ್... ಟಕ್. "ನೆಲದವನಿಗೊಂದು ಪಾಲು. ಎಡ ತೊಡೆ. ಬಾವಿ ಹತ್ರ ಇಡು."

"ಇಡ್ತೀನಿ. ಪಾಲು ಕೊಡದೆ ನಾವೂ ತಿನ್ನಲ್ಲ."

ದಾರಿಯನ್ನೂ ಅವನೇ ಹೇಳಿದ. ಎಡಕ್ಕೆ, ಮತ್ತೆ ಎಡಕ್ಕೆ, ಆಮೇಲೆ ಸೀದಾ. ಮೂರೇ ನಿಮಿಷಕ್ಕೆ ರೂಟ್ ಥರ್ಟಿ ಒನ್ ಸಿಕ್ಕಿತು.

ಬೆಳಗಿನ ಜಾವ ಐದಕ್ಕೆ ಅವಳು ಆ ಕಿಟಕಿಯಲ್ಲಿ ಕೂತಿದ್ದಳು. ಮಂಜು. ಬಾವಿಯೂ ಕಾಣದಷ್ಟು. ಬೆಳಕು ಹರಿಯುವಾಗ ದೂರದ ಕಾಡಿನಲ್ಲಿ ಧಡ್... ಧಡ್ ಧಡ್. ಆಮೇಲೆ ಮೌನ. ಆಮೇಲೆ ಹೊಸ ಡಾಂಬರಿನ ಮೇಲೆ ಗೊರಸು... ಚಿಟ್... ಚಿಟ್... ಚಿಟ್.

ಬಿಸ್ಮಿಲ್ಲಾ ಹೇಳಿ ಬಂದೂಕಿನ ಕುದುರೆ ಎಳೆದಳು. ಜಿಂಕೆ ಹುಲ್ಲಿನ ಮೇಲೆ ಬಿತ್ತು. ಓಡಿಹೋಗಿ ಚಾಕುವಿನಿಂದ ಕೆಲಸ ಮುಗಿಸಿದಳು. ಬಂದೂಕಿನಿಂದ ಹಾರಿಬಿದ್ದ ಖಾಲಿ ತೋಟಾ ಹುಡುಕಿದಳು, ಸಿಗಲಿಲ್ಲ. ಮಂಜಿನೊಳಗಿಂದ ಮಾತ್ರ ಕಿರ್ರ್... ಕಿರ್ರ್... ಟಕ್.

"ಬೇಟೆ ಲೆಕ್ಕ ಬರೆಸೋ ಚೆಕ್ ಸ್ಟೇಷನ್ನಲ್ಲಿ ಇಡೀ ಪ್ರಾಣಿ ತೋರಿಸ್ಬೇಕು," ಅಂತ ಆ ಕಡೆಗೆ ಕೂಗಿ ಹೇಳಿದಳು. "ಕೊಯ್ದು ತಂದುಕೊಡ್ತೀನಿ."

ರಾಟೆ ನಿಂತಿತು.

ಮನೆಯಲ್ಲಿ ತಾಜುದ್ದೀನ್ ಮೂರು ತಿಂಗಳಲ್ಲಿ ಮೊದಲ ಸಲ ಎದ್ದು ಚಾಕು ಮಸೆದ. ಬಲ ತೊಡೆಯ ತುಂಬ ಚರೆ ಹೊಕ್ಕು ಹಾಳಾಗಿತ್ತು. ಬೇರೆಯವರಿಗೆ ಕೊಡುವ ಹಾಗಿದ್ದದ್ದು ಎಡದ್ದೊಂದೇ.

"ಇದು ಝೀಶಾನ್‌ಗೆ," ಅಂದ. ಝೀಶಾನ್ ಹಿಂದೆ ಅವನ ಕೈಕೆಳಗೆ ಕಲಿತು ಬೇರೆ ಬ್ಯಾಂಕು ಸೇರಿದ್ದ ಹುಡುಗ. "ಜೊತೆಗೆ ನನ್ನ ರೆಸ್ಯೂಮೆ."

"ಅದು ಆ ಮುದುಕಂದು ಕಣ್ರೀ."

"ಮುದುಕ ಕೆಲಸ ಕೊಡಿಸ್ತಾನಾ?"

"ಕಾಡಿನ ಜಿಂಕೆ ಬಕ್ರೀದ್ ಕುರ್ಬಾನಿಗೆ ಸಲ್ಲಲ್ಲ ಅಂತ ಅವ್ರು ಆಡ್ಕೊಂಡ್ರೆ?"

"ಸಲ್ಲೋದು ಬೇಡ. ಬೇಟೆ ಅಂತ್ಲೇ ಹೇಳು. ಶೋಕಿ ಅಂದ್ಕೊಳ್ತಾರೆ. ಗತಿಯಿಲ್ಲದವ್ರು ಬೇಟೆ ಆಡ್ತಾರೆ ಅಂತ ಈ ದೇಶದಲ್ಲಿ ಯಾರಿಗೆ ಹೊಳೆಯುತ್ತೆ?"

ಮೆಹನಾಜ್ ತೊಡೆಯನ್ನು ಪೊಟ್ಟಣ ಕಟ್ಟಿದಳು. ಅವನಿಗೆ ಕೆಲಸ ಸಿಗುವುದು ಅವಳಿಗೂ ಬೇಕಿತ್ತು. ತೊಡೆ ಝೀಶಾನನ ಫ್ರೀಜರಿಗೆ ಹೋಯಿತು, ರೆಸ್ಯೂಮೆ ಅದರ ಮೇಲಕ್ಕೆ. "ವಾಹ್, ಶಿಕಾರಿ ಆಪಾ!" ಅಂತ ಝೀಶಾನ್ ನಕ್ಕ. ಸ್ವಲ್ಪ ಜೋರಾಗಿಯೇ ನಕ್ಕ.

ಆ ರಾತ್ರಿಯಿಂದ ಶುರುವಾಯಿತು. ಬೆಳಗಿನ ಜಾವ ಐದಕ್ಕೆ, ಅವಳದೇ ಅಡಿಗೆಮನೆ ಕಿಟಕಿಯ ಹೊರಗೆ. ಕಿರ್ರ್... ಕಿರ್ರ್... ಟಕ್. ತನಗೇನೂ ಕೇಳಿಸಲಿಲ್ಲ ಅಂದ ತಾಜುದ್ದೀನ್. ಆದರೆ ಮೂರನೇ ರಾತ್ರಿ ಎದ್ದು ಆ ಕಿಟಕಿಯ ಪರದೆ ಎಳೆದದ್ದು ಅವನೇ.

ಶುಕ್ರವಾರ ಬೆಳಗ್ಗೆ ಅವಳು ಝೀಶಾನನ ಮನೆಗೆ ಹೋದಳು. ಹಬ್ಬಕ್ಕೆ ಕೊಟ್ಟ ಮಾಂಸವನ್ನು ವಾಪಸ್ ಕೇಳಲು ಹೊರಟ ಹೆಂಗಸು ಎರಡೂ ದೇಶಗಳಲ್ಲಿ ಅವಳೊಬ್ಬಳೇ ಇರಬೇಕು. ದಾರಿಯುದ್ದಕ್ಕೂ ಏನು ಹೇಳಲಿ ಅಂತ ಮನಸ್ಸಿನಲ್ಲೇ ಹೊಂದಿಸಿದಳು. ಬೇಕಾಗಲಿಲ್ಲ. ಝೀಶಾನನ ಹೆಂಡತಿ ಸಾರಾ ಬಾಗಿಲು ತೆಗೆದವಳೇ ಒಳಗೆ ಹೋಗಿ ಪೊಟ್ಟಣ ತಂದು ಕೈಗಿಟ್ಟಳು. ಬಿಚ್ಚಿರಲೇ ಇಲ್ಲ.

"ತಗೊಂಡ್ಹೋಗಿ, ಆಪಾ."

"ನಿಮಗೂ... ಕೇಳಿಸ್ತಾ?"

ಸಾರಾ ಅಡಿಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು, ಅಷ್ಟೇ. ಆಮೇಲೆ ರೆಸ್ಯೂಮೆಯನ್ನೂ ಪೊಟ್ಟಣದ ಮೇಲಿಟ್ಟಳು. "ಹಬ್ಬಕ್ಕೆ ಮೂರು ದಿನ ಮುಂಚೆನೇ ಇವ್ರಿಗೂ ಕೆಲಸದಿಂದ ತೆಗೆದ ಲೆಟರ್ ಕೊಟ್ಟಿದ್ರು. ತಾಜುದ್ದೀನ್ ಭಾಯ್‌ಗೆ ಹೇಳ್ಬೇಡಿ."

ಈ ಸಲ ಮೆಹನಾಜ್ ದಾರಿ ತಪ್ಪಲಿಲ್ಲ. ನಡುಮಧ್ಯಾಹ್ನ, ಬೋಳು ಬಿಸಿಲು. ಬಾವಿಗೆ ರಾಟೆ ಇರಲಿಲ್ಲ, ರಾಟೆಯ ಕಂಬಗಳೂ ಇರಲಿಲ್ಲ. ಬಾಯಿಗೆ ಕಾಂಕ್ರೀಟಿನ ಚಪ್ಪಡಿ ಹಾಕಿ ಮುಚ್ಚಿದ್ದರು. ನಿನ್ನೆ ಮೊನ್ನೆಯದಲ್ಲ. ಅದರ ಬಿರುಕಿನಲ್ಲಿ ಹೆಬ್ಬೆರಳು ಗಾತ್ರದ ಗಿಡವೊಂದು ಬೆಳೆದಿತ್ತು.

ಚಪ್ಪಡಿಯ ನಡುವೆ ಅವಳ ಖಾಲಿ ತೋಟಾ. ಕೆಂಪು ಪ್ಲಾಸ್ಟಿಕ್ಕು, ಹಿತ್ತಾಳೆ ತಳ. ನೆಟ್ಟಗೆ ನಿಂತಿತ್ತು. ಅದರ ತುಂಬ ನೀರು.

ಆ ತೋಟಾ ಈಗಲೂ ಅವಳ ಒಲೆಯ ಮೇಲಿನ ಗೂಡಿನಲ್ಲಿದೆ, ನಾನೇ ಕೈಯಲ್ಲಿ ಹಿಡಿದಿದ್ದೀನಿ. ಯಾರೋ ಎತ್ತಿಟ್ಟಿರಬಹುದು, ನೀರು ಮಂಜಿನದ್ದಿರಬಹುದು ಅಂತ ನಾನೂ ವಾದ ಮಾಡಿ ನೋಡಿದೆ. ಅವಳು ಜಗಳಕ್ಕೆ ಬರಲಿಲ್ಲ. ಆವತ್ತು ಕೊಚ್ಚೆಗುಂಡಿಗಳೆಲ್ಲ ಗಾಜಿನ ಹಾಗೆ ಹೆಪ್ಪುಗಟ್ಟಿದ್ದವಂತೆ.

"ತಡವಾಯ್ತು," ಅಂತ ಆ ಚಪ್ಪಡಿಯ ಕಡೆಗೆ ಅಂದಳಂತೆ. ಪೊಟ್ಟಣ ಬಿಚ್ಚಿ ಎಡ ತೊಡೆಯನ್ನು ಚಪ್ಪಡಿಯ ಮೇಲಿಟ್ಟು, ತೋಟಾದೊಳಗೆ ಬೆರಳದ್ದಿ ನೋಡಿದಳು. ಚಳಿಗಾಲದಲ್ಲಿ ಆಗತಾನೆ ಸೇದಿದ ಬಾವಿನೀರಿನ ಹಾಗೆ, ಬೆಚ್ಚಗಿತ್ತು.